ಮುಖಪುಟದ ಕೆಲಸಕ್ಕಾಗಿ ಮೂರು ಪೋರ್ಟ್‌ಫೋಲಿಯೋ: ಬಿಹಾನ್ಸ್, ಇನ್‌ಸ್ಟಾಗ್ರಾಂ, ಪಿಡಿಎಫ್

ನನಗೆ ಇಷ್ಟದ ಕೆಲಸ ಕನ್ನಡ ಪುಸ್ತಕಗಳ ಮುಖಪುಟ. ಬರುತ್ತಿದ್ದದ್ದು ಮದುವೆ ಪತ್ರಿಕೆ, ಫ್ಲೆಕ್ಸು, ಅಂಗಡಿ ಲೋಗೋ. ನನ್ನ ಪೋರ್ಟ್‌ಫೋಲಿಯೋ, ಅಂದರೆ ಮಾಡಿದ ಕೆಲಸಗಳ ಸಂಗ್ರಹ, ತೆಗೆದು ನೋಡಿದರೆ ಕಾರಣ ಅಲ್ಲೇ ಇತ್ತು. ನಲವತ್ತು ಕೆಲಸಗಳಲ್ಲಿ ಮುಖಪುಟ ಎರಡೇ! ಹಾಗಾಗಿ ಒಂದು ವರ್ಷ ಮೂರು ದಾರಿಗಳನ್ನೂ ಹಿಡಿದು ನೋಡಿದೆ.

ಮೊದಲು ಬಿಹಾನ್ಸ್. ಡಿಸೈನರ್‌ಗಳು ತಮ್ಮ ಕೆಲಸ ತೋರಿಸುವ ವೆಬ್‌ಸೈಟ್, ಅಡೋಬಿಯವರದ್ದು, ದುಡ್ಡು ಕೊಡಬೇಕಿಲ್ಲ. ಚಿತ್ರ ದೊಡ್ಡದಾಗಿ ಕಾಣುತ್ತದೆ, ಪೆನ್ಸಿಲ್ ಸ್ಕೆಚ್ಚಿನಿಂದ ಹಿಡಿದು ಅಚ್ಚಾದ ಪುಸ್ತಕದ ತನಕ ಎಲ್ಲವನ್ನೂ ತೋರಿಸಬಹುದು. ಆದರೆ ನನ್ನ ಕೆಲಸ ಮೆಚ್ಚಿದವರೆಲ್ಲ ಡಿಸೈನರ್‌ಗಳೇ. ಒಬ್ಬ ಪ್ರಕಾಶಕರೂ ಆ ಕಡೆಯಿಂದ ಬರಲಿಲ್ಲ.

ಇನ್‌ಸ್ಟಾಗ್ರಾಂನಲ್ಲಿ ವಿಚಾರಿಸುವವರು ಜಾಸ್ತಿ. ಹಳೆಯ ಮದುವೆ ಪತ್ರಿಕೆಗಳನ್ನು ಆರ್ಕೈವ್‌ಗೆ ಹಾಕುವವರೆಗೂ ಅವರೆಲ್ಲ ಕೇಳಿದ್ದು ಮದುವೆ ಪತ್ರಿಕೆಯನ್ನೇ. 2025ರಲ್ಲಿ ಗ್ರಿಡ್ಡಿನ, ಅಂದರೆ ಪ್ರೊಫೈಲಿನಲ್ಲಿ ಸಾಲಾಗಿ ಕಾಣುವ ಚಿತ್ರಗಳ, ಚೌಕ ಹೋಗಿ 3:4ರ ಉದ್ದನೆಯ ಅಳತೆ ಬಂದದ್ದು ಮಾತ್ರ ನಮಗೆ ಒಳ್ಳೆಯದಾಯಿತು. ಮೊದಲು ಮುಖಪುಟದ ಕೆಳಗಿದ್ದ ಲೇಖಕರ ಹೆಸರೇ ಕತ್ತರಿಸಿ ಹೋಗುತ್ತಿತ್ತು.

ಕೆಲಸ ತಂದುಕೊಟ್ಟದ್ದು ಎಂಟು ಪುಟದ ಪಿಡಿಎಫ್. ಆರೇ ಮುಖಪುಟ. ಅದರಲ್ಲಿ ನಾಲ್ಕು ನನ್ನ ಕಪಾಟಿನ ಪುಸ್ತಕಗಳಿಗೆ ನಾನೇ ಮಾಡಿಕೊಂಡದ್ದು. 'ಅಭ್ಯಾಸಕ್ಕೆ ಮಾಡಿದ್ದು' ಎಂದು ಪಕ್ಕದಲ್ಲೇ ಬರೆದೆ. ಸುಮ್ನೆ ಮುಂಭಾಗ ಮಾತ್ರ ಇಡಲಿಲ್ಲ. ಪುಸ್ತಕಗಳ ಡೆಮಿ ಅಳತೆಯಲ್ಲಿ ಸ್ಪೈನ್ (ಪುಸ್ತಕದ ಬೆನ್ನು), ಹಿಂಬದಿ, ಐಎಸ್‌ಬಿಎನ್ ಬಾರ್‌ಕೋಡ್ ಜಾಗ ಎಲ್ಲ ಸೇರಿಸಿ ಬಿಡಿಸಿಟ್ಟೆ. ಒಂದು ಪುಟ ಪೂರ್ತಿ ಸ್ಪೈನಿಗೇ ಕೊಟ್ಟೆ. ನಮ್ಮ ಲಿಪಿಯ ನಿಜವಾದ ಕಷ್ಟ ಇರುವುದು ಅಲ್ಲಿ. ಪುಸ್ತಕ ತೆಳ್ಳಗಿದ್ದು, ಹೆಸರಿನಲ್ಲಿ 'ಸ್ತ್ರೀ' ಅಂತ ಬಂದರೆ ಒತ್ತಕ್ಷರಗಳು ಕೆಳಗೆ ಇಳಿದು ಮಡಿಕೆಯ ಗೆರೆ ದಾಟುತ್ತವೆ. ಹಾಗಂತ ಇಡೀ ಹೆಸರನ್ನು ಚಿಕ್ಕದು ಮಾಡಿದರೆ ಕಪಾಟಿನಲ್ಲಿ ಓದಲಾಗುವುದಿಲ್ಲ. ನಾನು ಅಕ್ಷರಗಳನ್ನು ಕೈಯಲ್ಲಿ ಬರೆದು, ಒತ್ತನ್ನು ಮೇಲಕ್ಕೆ ಎಳೆದು ಕೂಡಿಸಿದ್ದೆ. ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂದು ಎರಡನ್ನೂ ಅಕ್ಕಪಕ್ಕ ಇಟ್ಟೆ.

ಹನ್ನೊಂದು ಪ್ರಕಾಶಕರಿಗೆ ವಾಟ್ಸಾಪ್ ಮಾಡಿದೆ. ಮೂವರು ಉತ್ತರಿಸಿದರು. ಒಬ್ಬರು ಫೋನ್ ಮಾಡಿ ಮೊದಲು ಕೇಳಿದ್ದೇ, "ಆ ಸ್ಪೈನ್ ನೀವೇ ಮಾಡಿದ್ದಾ?" ಅವರಿಗೆ ಈಗ ಮೂರನೇ ಪುಸ್ತಕ ಮಾಡುತ್ತಿದ್ದೇನೆ.

ಒಂದನ್ನೇ ಆರಿಸಿ ಅಂದರೆ ನಾನು ಪಿಡಿಎಫ್ ಎನ್ನುತ್ತೇನೆ. ಆದರೆ ಯಾರಿಗೆ ಕಳಿಸಬೇಕು ಅಂತ ಮೊದಲೇ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಇನ್‌ಸ್ಟಾಗ್ರಾಂ ಇರಲಿ, ಅಲ್ಲೂ ಮುಖಪುಟ ಬಿಟ್ಟು ಬೇರೇನೂ ಬೇಡ. ಮದುವೆ ಪತ್ರಿಕೆಗಳನ್ನು ನಾನು ಬೇರೆ ಫೈಲಿನಲ್ಲಿ ಇಟ್ಟಿದ್ದೇನೆ, ಕೇಳಿದವರಿಗೆ ಕಳಿಸುತ್ತೇನೆ. ಮನೆ ಬಾಡಿಗೆಯ ಅರ್ಧ ಇನ್ನೂ ಅದರಿಂದಲೇ ಬರುತ್ತಿದೆ.