ಮೋಟಾರು ಕೆಟ್ಟರೆ ಫೋನ್ ಮಾಡುವ ಪೆಟ್ಟಿಗೆ: ನಮ್ಮ ತೋಟದ ಮೊಬೈಲ್ ಸ್ಟಾರ್ಟರ್

ಮೊಬೈಲ್ ಸ್ಟಾರ್ಟರ್ (ಬೋರಿನ ಮೋಟಾರನ್ನು ಫೋನಿನಿಂದ ನಡೆಸುವ, ಸಿಮ್ ಇರುವ ಪೆಟ್ಟಿಗೆ) ಹಾಕಿಸಿದ್ದೇವೆ ಅಂದರೆ ಎಲ್ಲರೂ ಕೇಳುವುದು ಒಂದೇ: ಮನೆಯಲ್ಲೇ ಕೂತು ಮೋಟಾರು ಆನ್ ಮಾಡಬಹುದಾ? ಮಾಡಬಹುದು. ಅಂಗಡಿಯಲ್ಲಿ ಸಿಗುವ ಯಾವ ಪೆಟ್ಟಿಗೆಯಾದರೂ ಅಷ್ಟು ಮಾಡುತ್ತದೆ. ನನಗೆ ಬೇಕಿದ್ದದ್ದು, ತೋಟದಲ್ಲಿ ಏನಾದರೂ ಕೆಟ್ಟರೆ ಅದೇ ನನಗೆ ಫೋನ್ ಮಾಡುವುದು. ನಾನು ತಿಪಟೂರಿನಲ್ಲಿ ಟೀಚರ್. ತೆಂಗಿನ ತೋಟ ಊರಾಚೆ 9 ಕಿಲೋಮೀಟರ್. ತ್ರೀ ಫೇಸ್ ಕರೆಂಟ್ ಒಂದು ವಾರ ಹಗಲು, ಒಂದು ವಾರ ರಾತ್ರಿ. ಮಂಡಿ ನೋವಿರುವ ಮಾವನವರನ್ನು ರಾತ್ರಿ ಟಾರ್ಚ್ ಕೊಟ್ಟು ಕಳಿಸುವುದಕ್ಕೆ ಆಗುತ್ತಾ?

ಬೆಲೆ ಫಿಟ್ಟಿಂಗ್ ಸೇರಿ 6,500 ರೂಪಾಯಿ. ಫಿಟ್ಟಿಂಗ್‌ಗೆ ಬಂದ ಹುಡುಗ ವೈರಿಂಗ್ ಚೆನ್ನಾಗಿಯೇ ಮಾಡಿದ. ಆಂಟೆನಾವನ್ನು ಕಬ್ಬಿಣದ ಪೆಟ್ಟಿಗೆಯಿಂದ ಹೊರಗೆ ತಂದು ಕೂರಿಸಿದ. ಆದರೆ ಮಾಸ್ಟರ್ ನಂಬರ್ ಜಾಗದಲ್ಲಿ ತನ್ನದೇ ನಂಬರ್ ಬಿಟ್ಟು ಹೋಗಿದ್ದ! ನಮ್ಮ ಮೋಟಾರಿನ ಕಷ್ಟವೆಲ್ಲ ಮೊದಲು ಅವನ ಕಿವಿಗೆ. ಪಾಸ್‌ವರ್ಡ್ ಕೂಡ ಕಂಪನಿಯಿಂದ ಬಂದದ್ದೇ ಇತ್ತು. ಎರಡನ್ನೂ ಮೊದಲು ಬದಲಾಯಿಸಿ.

ಸಿಮ್ ವಿಷಯ. ಇದರೊಳಗಿನ ಮೋಡೆಮ್ 2ಜಿ, ಜಿಯೋಗೆ 2ಜಿ ಇಲ್ಲ, ಹಾಗಾಗಿ ಜಿಯೋ ಸಿಮ್ ನಡೆಯುವುದಿಲ್ಲ. ಡೇಟಾ ಇಲ್ಲದ, ಬರೀ ಕರೆ ಮತ್ತು ಎಸ್ಎಂಎಸ್ ಪ್ಲಾನ್‌ಗಳು 2025ರ ಜನವರಿಯಿಂದ ಬಂದಿವೆ, ಅದು ಸಾಕು. ರೀಚಾರ್ಜ್ ಮುಗಿದರೆ ಪೆಟ್ಟಿಗೆ ಏನೂ ಹೇಳದೆ ಮೂಕವಾಗುತ್ತದೆ. ಎಲ್ಲ ಸರಿ ಇದೆ ಅಂತ ನಾವು ಸುಮ್ನೆ ಕೂತಿರುತ್ತೇವೆ.

ಪ್ರೋಗ್ರಾಮಿಂಗ್ ಎಲ್ಲ ಎಸ್ಎಂಎಸ್‌ನಲ್ಲೇ. ಕೈಪಿಡಿ ಇಂಗ್ಲಿಷಿನಲ್ಲಿದೆ, ಇರುವೆಯಂಥ ಅಕ್ಷರ. ಒಂದು ಹ್ಯಾಶ್ ಬಿಟ್ಟರೂ ‘ತಪ್ಪು’ ಅಂತಷ್ಟೇ ಉತ್ತರ, ಏನು ತಪ್ಪು ಅಂತ ಇಲ್ಲ. ಒಂದಕ್ಕೆ ಉತ್ತರ ಬರುವ ಮೊದಲೇ ಇನ್ನೊಂದು ಕಳಿಸಿದರೆ ಎರಡನೆಯದು ಲೆಕ್ಕಕ್ಕೇ ಬರುವುದಿಲ್ಲ. ಕರೆಂಟ್ ಬಂದ ಎಷ್ಟು ಹೊತ್ತಿಗೆ ಮೋಟಾರು ಏಳಬೇಕು ಅನ್ನುವುದಕ್ಕೆ ನಾನು 3 ನಿಮಿಷ ಕೊಟ್ಟಿದ್ದೇನೆ, ಪಕ್ಕದ ತೋಟದವರು 5. ಒಂದೇ ಟಿಸಿಯ (ಟ್ರಾನ್ಸ್‌ಫಾರ್ಮರಿನ) ಮೋಟಾರುಗಳೆಲ್ಲ ಒಟ್ಟಿಗೆ ಎದ್ದರೆ ವೋಲ್ಟೇಜ್ ಬಿದ್ದು ಹೋಗುತ್ತದೆ ಅಲ್ವಾ.

ಇದರ ನಿಜವಾದ ಬೆಲೆ ಇರುವುದು ಡ್ರೈ ರನ್ (ನೀರಿಲ್ಲದೆ ಮೋಟಾರು ಓಡುವುದು) ಸೆಟ್ಟಿಂಗ್‌ನಲ್ಲಿ. ನಮ್ಮ ಬೋರ್ ಬೇಸಿಗೆಯಲ್ಲಿ ಗ್ಯಾಪ್ ಕೊಡುತ್ತದೆ, ಅಂದರೆ ನೀರು ನಡುನಡುವೆ ನಿಂತು ಬರುತ್ತದೆ. ಸಬ್‌ಮರ್ಸಿಬಲ್ ಮೋಟಾರನ್ನು ತಣ್ಣಗಿಡುವುದು ಸುತ್ತಲಿನ ನೀರೇ. ನೀರು ಹೋದರೆ ಲೋಡ್ ಕಡಿಮೆಯಾಗಿ ಆಂಪಿಯರ್ ಇಳಿಯುತ್ತದೆ, ಏರುವುದಿಲ್ಲ. ಹಾಗಾಗಿ ಆಂಪಿಯರ್ ಏರಿದರೆ ಮಾತ್ರ ಮೋಟಾರು ನಿಲ್ಲಿಸುವ, ಸ್ಟಾರ್ಟರಿನ ಓವರ್‌ಲೋಡ್ ರಿಲೇಗೆ ಅದು ಗೊತ್ತೇ ಆಗುವುದಿಲ್ಲ. ನಮ್ಮ 7.5 ಎಚ್‌ಪಿ ಮೋಟಾರು ನೀರೆತ್ತುವಾಗ 14 ಆಂಪಿಯರ್ ಎಳೆಯುತ್ತದೆ. 11ಕ್ಕಿಂತ ಇಳಿದು 10 ಸೆಕೆಂಡ್ ಹಾಗೇ ಇದ್ದರೆ ನಿಲ್ಲಿಸು, 2 ಗಂಟೆ ಬಿಟ್ಟು ಮತ್ತೆ ನೋಡು ಅಂತ ಹೇಳಿಟ್ಟಿದ್ದೇನೆ. ನಿಮ್ಮ ಮೋಟಾರಿನ ಲೆಕ್ಕ ಬೇರೆ ಇರುತ್ತದೆ, ಅಳೆದೇ ಹಾಕಿ.

ಪರೀಕ್ಷೆಗೆ ಬೋರ್ ಬತ್ತುವ ತನಕ ಕಾಯಬೇಕಿಲ್ಲ. ಡ್ರೈ ರನ್ ಅಂಕಿಯನ್ನು ಸ್ವಲ್ಪ ಹೊತ್ತು 15ಕ್ಕೆ ಏರಿಸಿದರೆ ಮೋಟಾರು ತಾನೇ ನಿಂತು ಫೋನ್ ಬರಬೇಕು. ಬಂತು. ‘ನೀರಿಲ್ಲ, ಮೋಟಾರು ನಿಂತಿದೆ’ ಅಂತ ಸ್ವಚ್ಛ ಕನ್ನಡದಲ್ಲಿ. ಕೇಳಿಸಿಕೊಂಡೆ ಅನ್ನಲು 1 ಒತ್ತಬೇಕು. ಒತ್ತದಿದ್ದರೆ ಮುಂದಿನ ನಂಬರಿಗೆ ಹೋಗುತ್ತದೆ: ಮೊದಲು ನಾನು, ಆಮೇಲೆ ಮಾವ, ಕೊನೆಗೆ ಪಕ್ಕದ ತೋಟದವರು. ಮಾವನವರ ಹಳೆಯ ಕೀಪ್ಯಾಡ್ ಫೋನಿನಲ್ಲೂ ಸಲೀಸಾಗಿ ನಡೆಯುತ್ತದೆ. ಈ ಒಂದು ಗುಣಕ್ಕೇ ನಾನು ಇದನ್ನು ಮೆಚ್ಚಿದ್ದು. ಒಮ್ಮೆ ಕರೆ ಹೋದರೆ ಕೆಲಸ ಮುಗಿಯಿತು ಅಂದುಕೊಳ್ಳುವ ಪೆಟ್ಟಿಗೆ ದಯವಿಟ್ಟು ಬೇಡ.

ತಲೆನೋವು ಒಂದಿತ್ತು. ಕಂಪನಿಯ ಸೆಟ್ಟಿಂಗ್‌ನಲ್ಲಿ ಕರೆಂಟ್ ಬಂದರೂ ಫೋನ್, ಹೋದರೂ ಫೋನ್. ನಮ್ಮ ಕಡೆ ಅದು ಎಷ್ಟು ಸಲ ಬಂದು ಹೋಗುತ್ತದೆ ಅಂತ ಹೇಳಬೇಕಾ? ಅದನ್ನು ಬರೀ ಎಸ್ಎಂಎಸ್‌ಗೆ ಇಳಿಸಿದೆ. ಡ್ರೈ ರನ್, ಓವರ್‌ಲೋಡ್, ಒಂದು ಫೇಸ್ ಹೋಗಿದ್ದು, ಇವಕ್ಕೆ ಮಾತ್ರ ಕರೆ. ಫೋನ್ ಸೈಲೆಂಟಿನಲ್ಲಿದ್ದರೂ ಈ ನಂಬರ್ ಮಾತ್ರ ರಿಂಗ್ ಆಗುವ ಹಾಗೆ ಮೊಬೈಲಿನಲ್ಲೂ ಸೆಟ್ ಮಾಡಿಕೊಂಡಿದ್ದೇನೆ.

ಕೇಬಲ್ ಕಳ್ಳರ ಮುಂದೆ ಮಾತ್ರ ಇದರ ಆಟ ನಡೆಯುವುದಿಲ್ಲ. ಮೋಟಾರು ಓಡುತ್ತಿರುವಾಗ ಏನಾದರೂ ಆದರೆ ಗೊತ್ತಾಗುತ್ತದೆ. ಕರೆಂಟ್ ಇಲ್ಲದ ಹೊತ್ತಿನಲ್ಲಿ ಕೇಬಲ್ ಕತ್ತರಿಸಿದರೆ ಗೊತ್ತಾಗುವುದು ಮುಂದಿನ ಪಾಳಿಯಲ್ಲೇ.