ಸಿಂಹದ ತಲೆ, ಹುಡುಗನ ಮೂಗು: ಬ್ಲೆಂಡರ್ ಜೊತೆ ಮೂರು ವರ್ಷ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮಕ್ಕಳ ಯಕ್ಷಗಾನ ತಂಡಕ್ಕೆ ದೇವಿಯ ಸಿಂಹದ ಮುಖವಾಡ ಬೇಕಾಗಿತ್ತು. ಊರಿನಿಂದ ತರಿಸಿದ ಕಾಗದದ ತಿರುಳಿನ ಮುಖವಾಡ ಇಲ್ಲಿಯ ಎರಡನೆಯ ಮಳೆಗಾಲಕ್ಕೆ ಮೆತ್ತಗಾಗಿ ದವಡೆ ಕಳಚಿಕೊಂಡಿತ್ತು. ತ್ರಿಡಿ ಪ್ರಿಂಟರ್ ಮನೆಯಲ್ಲೇ ಇತ್ತು, ಕಂಪ್ಯೂಟರಿನಲ್ಲಿ ಆಕಾರ ಕೆತ್ತುವುದಕ್ಕೆ ಬ್ಲೆಂಡರ್ ತಂತ್ರಾಂಶ ಹಾಕಿಕೊಂಡೆ. ಮೂರು ವರ್ಷಗಳಲ್ಲಿ ಐದು ಮುಖವಾಡಗಳಾಗಿವೆ. ಮೊದಲ ಎರಡನ್ನು ಯಾರೂ ಹಾಕಿಕೊಳ್ಳಲಾರರು. ಅವು ಕಪಾಟಿನ ಮೇಲಿವೆ.

ಬ್ಲೆಂಡರ್‌ಗೆ ಹಣ ಕೊಡಬೇಕಾಗಿಲ್ಲ. 2002ರಲ್ಲಿ ಬಳಕೆದಾರರೇ ಒಂದು ಲಕ್ಷ ಯೂರೋ ಕೂಡಿಸಿ ಇದನ್ನು ಎಲ್ಲರಿಗೂ ಮುಕ್ತಗೊಳಿಸಿದರು. ಊರಿನವರು ವಂತಿಗೆ ಎತ್ತಿ ಬಯಲಾಟ ಆಡಿಸಿದ ಹಾಗೆ! ಈ ಸಂಗತಿ ಇಂದಿಗೂ ನನಗೆ ಹೆಮ್ಮೆ ತರುತ್ತದೆ.

ಕೆತ್ತುವ ಸುಖ ದೊಡ್ಡದು. ಅರ್ಧ ಮುಖ ತಿದ್ದಿದರೆ ಉಳಿದರ್ಧ ತಾನಾಗಿ ಮೂಡುತ್ತದೆ. ಎಳೆದು ಎಳೆದು ಹಿಂಜಿಹೋದ ಮೇಲ್ಮೈ ವೋಕ್ಸೆಲ್ ರೀಮೆಶ್ ಒತ್ತಿದೊಡನೆ ಮತ್ತೆ ಒಂದೇ ಹದಕ್ಕೆ ಬರುತ್ತದೆ.

ಕಷ್ಟವಿರುವುದು ತಲೆಯನ್ನು ಟೊಳ್ಳು ಮಾಡುವಲ್ಲಿ. ಎಲ್ಲರೂ ಮೊದಲು ಹೋಗುವುದು ಸಾಲಿಡಿಫೈ ಎಂಬ ಸೌಲಭ್ಯಕ್ಕೆ, ನಾನೂ ಹೋದೆ. ಅದು ಮೇಲ್ಮೈಯ ಪ್ರತಿಯೊಂದು ಬಿಂದುವನ್ನೂ ಹೇಳಿದಷ್ಟು ಒಳಕ್ಕೆ ತಳ್ಳಿ ಇನ್ನೊಂದು ಗೋಡೆ ಕಟ್ಟುತ್ತದೆ. ಹಣೆಗೆ, ಕೆನ್ನೆಗೆ ಸರಿ. ಮೂಗಿನ ಹೊಳ್ಳೆ, ಕಿವಿಯ ಮಡಿಕೆ, ಕೇಸರದ ಎಳೆಗಳ ಬಳಿ ಮಾತ್ರ ಒಳಗೋಡೆಗಳು ಒಂದನ್ನೊಂದು ತೂರಿಕೊಂಡು ಹೋಗುತ್ತವೆ. ಅದಕ್ಕಿಂತ ಕೆಟ್ಟದ್ದೆಂದರೆ, ಹೊರಗಿನ ಒಂದೊಂದು ಸುಕ್ಕೂ ಒಳಗೆ ಏಣಾಗಿ ಮೂಡುತ್ತದೆ. ಮೊದಲ ಸಿಂಹವನ್ನು ಹಾಕಿದ ಹತ್ತು ವರ್ಷದ ಹುಡುಗ ಎರಡೇ ನಿಮಿಷಕ್ಕೆ ತೆಗೆದು, “ಮಾಮ, ಮೂಗು ಕೊರೆಯುತ್ತದೆ” ಎಂದ. ಸಿಂಹದ ಹುಬ್ಬಿನ ಗಂಟು ಅವನ ಮೂಗಿನ ಮೇಲೆ ಕೆಂಪು ಗೆರೆ ಎಳೆದಿತ್ತು. ನನಗೆ ಬಹಳ ಸಂಕಟವಾಯಿತು. ಹೊರಮೈ ಸಿಂಹದ್ದು, ಒಳಮೈ ಹುಡುಗನದು. ಎರಡನ್ನೂ ಬೇರೆಬೇರೆಯಾಗಿಯೇ ಕೆತ್ತಬೇಕು ಎಂದು ನಾನು ಕಲಿತದ್ದು ಆ ಗೆರೆಯಿಂದ.

ಈಗ ತಲೆಯ ಒಂದು ನಕಲು ಪ್ರತಿ ಮಾಡಿಕೊಂಡು, ಡಿಸ್ಪ್ಲೇಸ್ ಎಂಬ ಸೌಲಭ್ಯ ಬಳಸಿ ಗೋಡೆಯ ದಪ್ಪದಷ್ಟು ಕುಗ್ಗಿಸಿ, ದಪ್ಪ ಅಳತೆಯಲ್ಲಿ ರೀಮೆಶ್ ಮಾಡಿ ಸುಕ್ಕುಗಳನ್ನೆಲ್ಲ ಅಳಿಸುತ್ತೇನೆ. ಹಾಕಿಕೊಳ್ಳುವವರ ತಲೆಯ ಅಳತೆಯನ್ನು ದಾರದಿಂದ ತೆಗೆದು, ಸ್ಪಂಜಿಗೆ ಸುತ್ತಲೂ 1 ಸೆಂಮೀ ಬಿಟ್ಟು, ಆ ಪ್ರತಿಯನ್ನು ತಿದ್ದುತ್ತೇನೆ. ಆಮೇಲೆ ಒಂದು ಆಕಾರದಿಂದ ಇನ್ನೊಂದನ್ನು ಕಳೆಯುವ ಬೂಲಿಯನ್‌ನಿಂದ ಅದನ್ನು ಮೂಲ ತಲೆಯೊಳಗಿನಿಂದ ಕಳೆಯುತ್ತೇನೆ, ಕೊನೆಗೆ ಹಿಂಭಾಗವನ್ನು ಕತ್ತರಿಸುತ್ತೇನೆ. ತೆಳುವಾದ ಜಾಗಗಳನ್ನೂ ಮುಚ್ಚದ ಅಂಚುಗಳನ್ನೂ ತ್ರಿಡಿ ಪ್ರಿಂಟ್ ಟೂಲ್‌ಬಾಕ್ಸ್ ಎಂಬ ಜೋಡಣೆ ತೋರಿಸಿಕೊಡುತ್ತದೆ.

ಕಣ್ಣು ಇನ್ನೊಂದು ಪಾಠ. ಹುಡುಗನ ಕಣ್ಣಪಾಪೆಗಳ ನಡುವೆ 55 ಮಿಮೀ, ನನ್ನ ಸಿಂಹದ ಕಣ್ಣುಗಳ ನಡುವೆ 110. ಸಿಂಹದ ಕಣ್ಣು ಕೊರೆದರೆ ಹುಡುಗನಿಗೆ ಕತ್ತಲೆ! ಮೂಗಿನ ಎರಡೂ ಬದಿಯ ಮಡಿಕೆಯ ನೆರಳಿನಲ್ಲಿ ಸೀಳು ಬಿಟ್ಟು ಒಳಗೆ ಕಪ್ಪು ಬಲೆಬಟ್ಟೆ ಅಂಟಿಸಿದೆ. ರಂಗದ ಬೆಳಕಿನಲ್ಲಿ ಅದು ಕಾಣುವುದೇ ಇಲ್ಲ. ಬಾಯಿಯನ್ನೂ ಪೂರ್ತಿ ತೆರೆದೆ. ನಮ್ಮ ಭಾಗವತರು ಎರಡನೆಯ ಮುಖವಾಡವನ್ನು ಮುಖಕ್ಕೆ ಹಿಡಿದು ನೋಡಿ, “ಉಸಿರಿಗೆ ಜಾಗವೇ ಇಲ್ಲವಲ್ಲ ಮಾರಾಯರೇ, ಇದರಲ್ಲಿ ಕುಣಿಯುವುದು ಹೇಗೆ?” ಎಂದಿದ್ದರು.

ತೂಕದ ಲೆಕ್ಕ ಸರಳ. ನಾನು ಮುದ್ರಿಸುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಘನ ಸೆಂಟಿಮೀಟರಿಗೆ ಸುಮಾರು 1.24 ಗ್ರಾಂ ತೂಗುತ್ತದೆ. 1,200 ಚದರ ಸೆಂಮೀ ಮುಖವಾಡ 3 ಮಿಮೀ ದಪ್ಪವಾದರೆ ಸುಮಾರು 450 ಗ್ರಾಂ, 2 ಮಿಮೀ ಆದರೆ 300. ಮಕ್ಕಳದ್ದಕ್ಕೆ 2 ಮಿಮೀ ಇಡುತ್ತೇನೆ, ಅಂಚಿಗೂ ಪಟ್ಟಿಯ ತೂತುಗಳ ಸುತ್ತಲೂ ಮಾತ್ರ 4. ನನ್ನ ಪ್ರಿಂಟರಿನ ತಟ್ಟೆ 220 ಮಿಮೀ ಚೌಕ, ಆದ್ದರಿಂದ ಎರಡು ಹೋಳು ಮಾಡಿ ಗೂಟದಿಂದ ಕೂಡಿಸುತ್ತೇನೆ. ಗೂಟಕ್ಕೂ ತೂತಿಗೂ ನಡುವೆ 0.2 ಮಿಮೀ ಸಡಿಲು ಬೇಕು. ಜುಲೈ ತಿಂಗಳಲ್ಲಿ ಪ್ರಿಂಟರಿನ ಪ್ಲಾಸ್ಟಿಕ್ ತಂತಿ ತೇವ ಹೀರಿ ನೂಲುನೂಲಾಗಿ ಸುರಿಯುತ್ತದೆ, ಸಿಲಿಕಾ ಜೆಲ್ ಹಾಕಿದ ಡಬ್ಬಿ ಇಲ್ಲದಿದ್ದರೆ ಕೆಲಸ ಕೆಟ್ಟಂತೆಯೇ. ಪಿಎಲ್‌ಎ 60 ಡಿಗ್ರಿಯ ಸುಮಾರಿಗೆ ಮೆದುವಾಗುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಮುಖವಾಡ ಬಿಡಬೇಡಿ.

ನನ್ನ ದೂರು ಒಂದೇ: ಮೇಲ್ಮೈಯಲ್ಲಿ ಸಣ್ಣ ಬಿರುಕಿದ್ದರೂ ಬೂಲಿಯನ್ ಏನನ್ನೂ ಹೇಳದೆ ತಪ್ಪು ಫಲಿತಾಂಶ ಕೊಡುತ್ತದೆ. ಪ್ರತಿ ಹೆಜ್ಜೆಗೂ ಒಂದು ಪ್ರತಿ ಉಳಿಸಿಕೊಳ್ಳಿ. ಆದರೂ ಇದನ್ನು ಬಿಡುವ ಯೋಚನೆ ನನಗಿಲ್ಲ. ಈಗ ವರಾಹದ ತಲೆ ಕೆತ್ತುತ್ತಿದ್ದೇನೆ; ಕೋರೆಹಲ್ಲುಗಳನ್ನು ಬೇರೆಯಾಗಿ ಮುದ್ರಿಸಿ ತಿರುಪಿನಿಂದ ಕೂಡಿಸುವುದೆಂದು ಅಳತೆ ಹಾಕಿದ್ದೇನೆ, ಲೋಕಲ್ ರೈಲಿನ ನೂಕಿನಲ್ಲಿ ಮೊದಲು ಮುರಿಯುವುದು ಅವೇ.