ದೂರ ತಳ್ಳುವ ಅಭ್ಯಾಸಕ್ಕೆ ಎಂಟು ವಾರಗಳ ಆಪ್ತಸಮಾಲೋಚನೆ

ಪ್ರೀತಿಸುವವರನ್ನು ನಾನೇ ದೂರ ತಳ್ಳುತ್ತಿದ್ದೇನೆ ಎಂಬುದು ಅರಿವಾದ ಮೇಲೆ, ಅಂತರ್ಜಾಲದ ಮೂಲಕ ನಡೆಯುವ ಆಪ್ತಸಮಾಲೋಚನಾ ಸೇವೆಯೊಂದನ್ನು 8 ವಾರ ಪಡೆದೆ. ಮೊದಲ ಭೇಟಿ ನಿರಾಶಾದಾಯಕ. 50 ನಿಮಿಷಗಳಲ್ಲಿ ಅರ್ಧ ಭಾಗ ಪ್ರಶ್ನಾವಳಿ ತುಂಬುವುದರಲ್ಲಿಯೇ ಕಳೆಯಿತು.

ಸೇವೆಯ ನಿಜವಾದ ಗುಣ ಕಂಡದ್ದು ಎರಡನೆಯ ಭೇಟಿಯಲ್ಲಿ. ಸಂಗಾತಿ ಕರೆ ಸ್ವೀಕರಿಸುವುದು ತಡವಾದರೆ, ಅವರು ನನ್ನನ್ನು ಬಿಡುವ ಮುನ್ನ ನಾನೇ ಬಿಟ್ಟರಾಯಿತು ಎಂದು ಎರಡು ದಿನ ಮಾತು ನಿಲ್ಲಿಸುವ ನನ್ನ ಅಭ್ಯಾಸವನ್ನು ಸಮಾಲೋಚಕರು ಅಹಂಕಾರವೆನ್ನದೆ, ಭಯ ಹಾಕಿಕೊಂಡ ವೇಷವೆಂದು ತೋರಿಸಿಕೊಟ್ಟರು. ಮನೋವೈದ್ಯ ಜಾನ್ ಬೌಲ್ಬಿ, ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಅವರು ಮಕ್ಕಳ ಕುರಿತು ರೂಪಿಸಿದ ಬಾಂಧವ್ಯ ಸಿದ್ಧಾಂತವನ್ನು (ಆಸರೆಯಾದವರೊಂದಿಗಿನ ನಂಟು ಹೇಗೆ ಬೆಳೆಯುತ್ತದೆ ಎಂಬ ವಿವರಣೆಯನ್ನು) ಮನಶ್ಶಾಸ್ತ್ರಜ್ಞರಾದ ಸಿಂಡಿ ಹಜಾನ್ ಮತ್ತು ಫಿಲಿಪ್ ಶೇವರ್ 1987ರಲ್ಲಿ ವಯಸ್ಕರ ಪ್ರೇಮಕ್ಕೆ ಅನ್ವಯಿಸಿದ್ದನ್ನೂ ಸಮಾಲೋಚಕರು ತಿಳಿಯಾಗಿ ವಿವರಿಸಿದರು: ಆತಂಕವುಳ್ಳವರು ಮತ್ತೆ ಮತ್ತೆ ಭರವಸೆ ಬೇಡುತ್ತಾರೆ, ಹಿಂದೆ ಸರಿಯುವವರು ನೋವಾದಾಗ ಯಾರೂ ಬೇಡವೆನ್ನುತ್ತಾರೆ, ಕೆಲವರಲ್ಲಿ ಎರಡೂ ಇರುತ್ತವೆ. (ನನ್ನ ಗುಂಪು ಯಾವುದೆಂದು ಹೇಳಬೇಕಾಗಿಲ್ಲ.)

ಕಲಿಸಿದ ಅಭ್ಯಾಸಗಳಲ್ಲಿ ಒಂದು ನಿಜಕ್ಕೂ ಫಲ ಕೊಟ್ಟಿತು: ಎದ್ದು ಹೋಗಬೇಕೆನಿಸಿದಾಗ, 'ಅರ್ಧ ಗಂಟೆ ಒಬ್ಬಳೇ ಇರುತ್ತೇನೆ, ಆಮೇಲೆ ಬರುತ್ತೇನೆ' ಎಂದು ತಿಳಿಸಿ, ಹೇಳಿದ ಹೊತ್ತಿಗೆ ಮರಳುವುದು. ಉಸಿರಾಟದ ಧ್ವನಿಮುದ್ರಿಕೆಗಳು ಸಾಧಾರಣ.

ದೊಡ್ಡ ಕೊರತೆಯೆಂದರೆ, ಅಳು ಒತ್ತರಿಸಿ ಬಂದ ಗಳಿಗೆಯಲ್ಲಿಯೇ ಸಮಯ ಮುಗಿದು ಪರದೆ ಕಪ್ಪಾಗುವುದು. ಎಲ್ಲರೂ ಬಿಟ್ಟುಹೋಗುತ್ತಾರೆಂಬ ಭಯದಿಂದಲೇ ಬಂದವರಿಗೆ ಇದು ಕ್ರೂರವೆನಿಸುತ್ತದೆ. ಸಂಗಾತಿಯನ್ನೂ ಕರೆತರಬಹುದೆಂಬುದನ್ನು ಆರನೆಯ ವಾರದವರೆಗೆ ಯಾರೂ ತಿಳಿಸಲಿಲ್ಲ. 5ರಲ್ಲಿ ಮೂರೂವರೆ ಅಂಕ.